ಶುಕ್ರವಾರದ ಪೂಜೆ ಮತ್ತು ಒಂದು ಪ್ರಶ್ನೆ: ಜಾತ್ಯತೀತತೆಯನ್ನು ಮಕ್ಕಳಿಗೆ ಹೇಳುವುದು ಹೇಗೆ?

ಕಳೆದ ನವೆಂಬರ್ 26ರಂದು ಪೀಣ್ಯ ಕೈಗಾರಿಕಾ ಪ್ರದೇಶದ ಅಂಚಿನ ಒಂದು ಸರ್ಕಾರಿ ಪ್ರೌಢಶಾಲೆಗೆ ನಮ್ಮನ್ನು ಕರೆದಿದ್ದರು. ಸಂವಿಧಾನ ದಿನದ ಕಾರ್ಯಕ್ರಮ. ಭಾಷಣಕ್ಕೆ ಒಪ್ಪಿಕೊಂಡಿದ್ದ ವಕೀಲರು ಕೊನೇ ಗಳಿಗೆಯಲ್ಲಿ ಕೈಕೊಟ್ಟಿದ್ದರು. ಸಮಾಜ ವಿಜ್ಞಾನದ ಮೇಷ್ಟ್ರು ಹಿಂದಿನ ರಾತ್ರಿ ಫೋನ್ ಮಾಡಿ, "ನೀವು ಪೇಪರ್‌ನವರು, ನಾಲ್ಕು ಮಾತು ಹೇಳಿ ಹೋಗಿ ಸಾರ್" ಎಂದರು. ಒಪ್ಪಿಕೊಂಡೆವು.

ಆ ಶಾಲೆಯ ಹಾಜರಿ ಪುಸ್ತಕವೇ ಒಂದು ನಕ್ಷೆ. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬಂದವರ ಮಕ್ಕಳು. ಮಾಗಡಿ, ಕುಣಿಗಲ್ ಕಡೆಯವರು. ಬಿಹಾರ, ಒಡಿಶಾದಿಂದ ಬಂದು ಈಗ ನಮಗಿಂತ ಚೆನ್ನಾಗಿ ಬೆಂಗಳೂರು ಕನ್ನಡ ಮಾತಾಡುವವರು. ಅಪ್ಪ ಲೇತ್ ಶೆಡ್‌ನಲ್ಲಿ, ಅಮ್ಮ ಗಾರ್ಮೆಂಟ್ಸ್‌ನಲ್ಲಿ. ಮಕ್ಕಳೆಲ್ಲ ಎದ್ದು ನಿಂತು ಸಂವಿಧಾನದ ಪೀಠಿಕೆ ಓದಿದರು. 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಶಾಲಾ ಕಾಲೇಜುಗಳಲ್ಲಿ ಪೀಠಿಕೆ ಓದುವುದನ್ನು ಕಡ್ಡಾಯ ಮಾಡಿದ ಮೇಲೆ ಇದು ಮಕ್ಕಳಿಗೆ ಬಾಯಿಪಾಠ. ಎಲ್ಲೂ ತಡವರಿಸಲಿಲ್ಲ.

ಓದಿ ಮುಗಿದ ಮೇಲೆ ನಾವು ಸುಮ್ಮನೆ ಕೇಳಿದೆವು: "ಜಾತ್ಯತೀತ ಅಂದರೆ ಏನು?"

ಹಿಂದಿನ ಸಾಲಿನ ಹುಡುಗನೊಬ್ಬ ತಕ್ಷಣ ಹೇಳಿದ: "ದೇವೇಗೌಡರ ಪಾರ್ಟಿ ಸಾರ್."

ಎಲ್ಲರೂ ನಕ್ಕರು, ನಾವೂ ನಕ್ಕೆವು. ಅವನದು ತಪ್ಪೇನಲ್ಲ. ಜನತಾದಳದ ಹಿಂದೆ ಕಂಸದಲ್ಲಿ ಅವನು ಆ ಪದ ನೋಡಿದ್ದಾನೆ. ಬೇರೆಲ್ಲೂ ಅದು ಅವನ ಕಣ್ಣಿಗೆ ಬಿದ್ದಿಲ್ಲ. ನಾವು ಪದದ ಅರ್ಥ ವಿವರಿಸಿದೆವು: ಸರ್ಕಾರಕ್ಕೆ ತನ್ನದೇ ಆದ ಧರ್ಮ ಇರುವುದಿಲ್ಲ, ಎಲ್ಲ ಧರ್ಮದವರನ್ನೂ ಧರ್ಮವಿಲ್ಲದವರನ್ನೂ ಅದು ಒಂದೇ ಥರ ನೋಡಬೇಕು, ಹೀಗೆ. ಆಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಹಂಗಾದ್ರೆ ನಮ್ ಸ್ಕೂಲಲ್ಲಿ ಶುಕ್ರವಾರ ಶುಕ್ರವಾರ ಪೂಜೆ ಮಾಡ್ತೀವಲ್ಲ ಸಾರ್, ಅದು ತಪ್ಪಾ?"

ಯಾರೂ ನಗಲಿಲ್ಲ. ಮುಖ್ಯೋಪಾಧ್ಯಾಯಿನಿ ಗಡಿಯಾರ ನೋಡಿಕೊಂಡರು. ಮೇಷ್ಟ್ರು ನಮ್ಮ ಮುಖ ನೋಡಿದರು. ನಾವು "ಒಳ್ಳೆಯ ಪ್ರಶ್ನೆ" ಎಂದು ಹೇಳಿ ಮುಂದಿನ ವಿಷಯಕ್ಕೆ ಹೋದೆವು. ಉಪ್ಪಿಟ್ಟು, ಟೀ ಆಯಿತು. ಬಸ್ ಹತ್ತಿದೆವು. ಜಾಲಹಳ್ಳಿ ಕ್ರಾಸ್ ದಾಟುವ ಹೊತ್ತಿಗೆ ನಾಚಿಕೆ ಶುರುವಾಯಿತು. ಆ ದಿನ ಕೊಡದ ಉತ್ತರವನ್ನು ಈಗ ಹುಡುಕುತ್ತಿದ್ದೇವೆ.

ನಾವು ಬರೆದ ಫೋಟೊ ಕ್ಯಾಪ್ಷನ್‌ಗಳು

ಮೊದಲು ನಮ್ಮದೇ ತಪ್ಪಿನಿಂದ ಶುರು ಮಾಡೋಣ. ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಸ್ಟ್ರಿಂಗರ್ ಕೆಲಸ ಮಾಡುತ್ತಿದ್ದೇವೆ. ಪ್ರತಿ ಕೃಷ್ಣ ಜನ್ಮಾಷ್ಟಮಿಗೆ ಡೆಸ್ಕ್‌ನಿಂದ ಒಂದು ಬೇಡಿಕೆ ಬರುತ್ತದೆ: ಬುರ್ಖಾ ತೊಟ್ಟ ತಾಯಿ, ಕೃಷ್ಣನ ವೇಷದ ಮಗು. ಆ ಫೋಟೊ ಸಿಕ್ಕರೆ ಮುಖಪುಟ ಖಾತ್ರಿ. ಕ್ಯಾಪ್ಷನ್ ಕೂಡ ಸಿದ್ಧವೇ ಇರುತ್ತದೆ: "ಭಾವೈಕ್ಯ ಮೆರೆದ ತಾಯಿ". ಕರಗದ ವೇಳೆಯಲ್ಲೂ ಹಾಗೆಯೇ. ಬೆಂಗಳೂರು ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಭೇಟಿ ಕೊಡುತ್ತದೆ, ಆ ಚಿತ್ರ ಪ್ರತಿ ವರ್ಷ ಅಚ್ಚಾಗುತ್ತದೆ.

ಈ ಚಿತ್ರಗಳು ಸುಳ್ಳಲ್ಲ. ಆದರೆ ಅವನ್ನು ಜಾತ್ಯತೀತತೆ ಎಂದು ಕರೆದದ್ದು ನಮ್ಮ ಸೋಮಾರಿತನ. ಶಾಲೆಗಳಲ್ಲೂ ಇದೇ ನಡೆಯುತ್ತದೆ. ರಾಷ್ಟ್ರೀಯ ಹಬ್ಬ ಬಂದರೆ ಒಬ್ಬ ಹುಡುಗನಿಗೆ ಟೋಪಿ, ಒಬ್ಬನಿಗೆ ನಾಮ, ಒಬ್ಬಳ ಕೊರಳಿಗೆ ಶಿಲುಬೆ ಹಾಕಿ ಕೈಕೈ ಹಿಡಿಸಿ ವೇದಿಕೆ ಮೇಲೆ ನಿಲ್ಲಿಸುತ್ತಾರೆ. ಚಪ್ಪಾಳೆ ಬೀಳುತ್ತದೆ. ಪಾಠ ಮುಗಿಯಿತು.

ಸೌಹಾರ್ದ ನೆರೆಹೊರೆಯವರ ಗುಣ. ಜಾತ್ಯತೀತತೆ ಕಚೇರಿಯ, ಠಾಣೆಯ, ಸರ್ಕಾರಿ ಶಾಲೆಯ ಕರ್ತವ್ಯ. ಪಕ್ಕದ ಮನೆಯವರು ನಮಗೆ ಹಬ್ಬದೂಟ ಕಳಿಸದಿದ್ದರೆ ಬೇಸರವಾಗಬಹುದು, ಕೋರ್ಟಿಗೆ ಹೋಗಲು ಬರುವುದಿಲ್ಲ. ಪಡಿತರ ಅಂಗಡಿಯವನು ಧರ್ಮ ನೋಡಿ ಅಕ್ಕಿ ಕೊಟ್ಟರೆ ಕೋರ್ಟಿಗೆ ಹೋಗಬಹುದು, ಹೋಗಬೇಕು. ಮೊದಲನೆಯದು ಪ್ರೀತಿಯ ವಿಷಯ, ಎರಡನೆಯದು ಹಕ್ಕಿನ ವಿಷಯ. ಎರಡನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ಬಡಿಸಿದ್ದರಿಂದ ಮಕ್ಕಳಿಗೆ ಎರಡರ ರುಚಿಯೂ ತಿಳಿಯದೆ ಹೋಗಿದೆ.

ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯಂಥ ಕಡೆ ಈ ವ್ಯತ್ಯಾಸ ಇನ್ನೂ ಮುಖ್ಯ. ರಾಯಚೂರು, ಕಲಬುರಗಿ ಸೀಮೆಯ ಹಳ್ಳಿಗಳಲ್ಲಿ ಮೊಹರಂ ಬಂದರೆ ಅಲಾಯಿ ಕುಣಿಯ ಸುತ್ತ ಹಿಂದೂಗಳೂ ಕುಣಿಯುತ್ತಾರೆ. ಮುಸ್ಲಿಂ ಮನೆಗಳೇ ಇಲ್ಲದ ಊರಲ್ಲೂ ಅಲಾಯಿ ದೇವರು ಕೂರಿಸುವುದುಂಟು. ಅದು ತಲೆಮಾರುಗಳಿಂದ ಬಂದ ನಂಟು. ಅದೇ ಊರಿನವರು ಬೆಂಗಳೂರಿಗೆ ಬಂದು ವಠಾರದಲ್ಲಿ ಸಿಂಗಲ್ ರೂಮ್ ಹುಡುಕುವಾಗ ಮನೆ ಮಾಲೀಕ ಕೇಳುವ ಮೊದಲ ಪ್ರಶ್ನೆ "ನೀವು ಯಾವ ಜನ?" ಎಂದು. ಇಲ್ಲಿ ಯಾರಿಗೂ ಯಾರ ಅಜ್ಜನೂ ಗೊತ್ತಿಲ್ಲ. ಹನ್ನೊಂದು ತಿಂಗಳ ಕರಾರು ಮುಗಿದರೆ ಮತ್ತೊಂದು ಬೀದಿ.

ವೈಟ್‌ಫೀಲ್ಡ್ ಹುಟ್ಟಿದ್ದೇ 1882ರಲ್ಲಿ ಒಂದು ಸಮುದಾಯದ ನೆಲೆಯಾಗಿ. ಮೈಸೂರು ಮಹಾರಾಜ ಹತ್ತನೇ ಚಾಮರಾಜ ಒಡೆಯರ್ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಕೊಟ್ಟ ಭೂಮಿ ಅದು. ಸಂಘದ ಮುಖಂಡ ಡಿ.ಎಸ್. ವೈಟ್ ಅವರ ಹೆಸರೇ ಊರಿನ ಹೆಸರಾಯಿತು. ಎಲೆಕ್ಟ್ರಾನಿಕ್ ಸಿಟಿಯ ಹುಟ್ಟು ಬೇರೆ. 1978ರ ಹೊತ್ತಿಗೆ ಆರ್.ಕೆ. ಬಾಳಿಗಾ ಅವರ ಕನಸಿನಂತೆ ಕಿಯೋನಿಕ್ಸ್ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಅದನ್ನು ಕಟ್ಟಿತು. ಅಲ್ಲಿಗೆ ಬರಲು ಯಾವ ಸಮುದಾಯದ ಚೀಟಿಯೂ ಬೇಕಿರಲಿಲ್ಲ, ಕೆಲಸ ಬೇಕಿತ್ತು ಅಷ್ಟೇ. ಹೀಗೆ ಕೆಲಸಕ್ಕಾಗಿ ಕೂಡಿಕೊಂಡ ಜನರ ನಡುವೆ ಹಳೆಯ ನಂಟು ಇರುವುದಿಲ್ಲ. ನಂಟು ಇಲ್ಲದ ಕಡೆ ನಿಯಮವೇ ಆಸರೆ. ಆ ನಿಯಮವನ್ನು ಮಕ್ಕಳು ಮೊದಲು ಕಾಣುವ ಜಾಗ ಸರ್ಕಾರಿ ಶಾಲೆ.

ಕಲ್ಯದ ಕಲ್ಲು ಹೇಳುವುದು

ನಿಯಮಕ್ಕೆ ಇತಿಹಾಸ ಇದೆ. ಪೀಣ್ಯದ ಮಕ್ಕಳನ್ನು ಒಂದು ದಿನದ ಪ್ರವಾಸಕ್ಕೆ ಕರೆದೊಯ್ಯಬಹುದಾದ ದೂರದಲ್ಲೇ ಅದಕ್ಕೊಂದು ಕಲ್ಲು ಸಾಕ್ಷಿ ಇದೆ. ಮಾಗಡಿ ತಾಲ್ಲೂಕಿನ ಕಲ್ಯ ಎಂಬ ಊರು. ಒಂದು ಕಾಲಕ್ಕೆ ಜೈನರೂ ವೀರಶೈವರೂ ಇದ್ದ ದೊಡ್ಡ ಕೇಂದ್ರ. ಅಲ್ಲಿ 1368ರ ಒಂದು ಶಾಸನವಿದೆ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೇ ಸಂಪುಟದಲ್ಲಿ ಅದು ಅಚ್ಚಾಗಿದೆ. ಇದೇ ಶಾಸನದ ಇನ್ನೊಂದು ಪ್ರತಿ ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿದೆ.

ಕಥೆ ಹೀಗಿದೆ. ವಿಜಯನಗರದ ಒಂದನೇ ಬುಕ್ಕರಾಯನ ಕಾಲ. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಯಿತು. ವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಜೈನರು ರಾಜನ ಬಳಿ ಹೋದರು. ಈ ಕಲ್ಲೆಹವೇ ಇಂದಿನ ಕಲ್ಯ. ರಾಜ ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಯ ಆಚಾರ್ಯರೂ ಸೇರಿದಂತೆ ವೈಷ್ಣವ ಪ್ರಮುಖರನ್ನೆಲ್ಲ ಕೂಡಿಸಿದ. ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟ. ಎರಡು ದರ್ಶನಗಳಿಗೂ ಭೇದವಿಲ್ಲ ಎಂದು ಸಾರಿದ. ಪಂಚಮಹಾವಾದ್ಯ ಮತ್ತು ಕಳಶ ಜೈನರಿಗೆ ಹಿಂದಿನಿಂದ ಸಲ್ಲುತ್ತಿದ್ದ ಮರ್ಯಾದೆ, ಮುಂದೆಯೂ ಸಲ್ಲಬೇಕು ಎಂದ. ಜೈನರಿಗಾದ ಹಾನಿಯನ್ನು ವೈಷ್ಣವರು ತಮಗಾದ ಹಾನಿ ಎಂದೇ ತಿಳಿಯಬೇಕು, ಈ ಶಾಸನವನ್ನು ಬಸದಿಗಳಲ್ಲಿ ಅವರೇ ನೆಡಿಸಬೇಕು ಎಂದೂ ಆಜ್ಞೆ ಮಾಡಿದ.

ಆರೂವರೆ ಶತಮಾನದ ಹಿಂದೆ ಇಂಥದ್ದೊಂದು ತೀರ್ಪು ಬಂದದ್ದು ಸಣ್ಣ ಮಾತಲ್ಲ. ಭಾಷಣಗಳಲ್ಲಿ ಕಥೆ ಇಲ್ಲಿಗೆ ನಿಲ್ಲುತ್ತದೆ. ಆದರೆ ಶಾಸನ ಇನ್ನೂ ಮುಂದೆ ಹೋಗುತ್ತದೆ. ಜೈನರ ಪ್ರತಿ ಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಬೇಕು. ಆ ಹಣದಲ್ಲಿ ಬೆಳಗೊಳದ ದೇವರಿಗೆ 20 ಜನ ಅಂಗರಕ್ಷಕರನ್ನು ತಿರುಮಲೆಯ ತಾತಯ್ಯ ನೇಮಿಸಬೇಕು. ಉಳಿದದ್ದರಲ್ಲಿ ಪಾಳುಬಿದ್ದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು.

ಮಕ್ಕಳ ಮುಂದೆ ಈ ಭಾಗವನ್ನೂ ಇಡಬೇಕು ಎಂಬುದು ನಮ್ಮ ವಾದ. ರಕ್ಷಣೆ ಸಿಕ್ಕಿತು, ನಿಜ. ಅದಕ್ಕೆ ಹಣ ಕೊಟ್ಟವರು ರಕ್ಷಣೆ ಬೇಕಾದವರೇ. ಕಾಯುವ ಹೊಣೆ ಬಲಾಢ್ಯರ ಕೈಗೆ ಹೋಯಿತು. ನ್ಯಾಯ ಕೊಟ್ಟವನು ರಾಜ. ಅವನು ಒಳ್ಳೆಯವನಾಗಿದ್ದ, ಕೊಟ್ಟ. ಮುಂದಿನ ರಾಜ ಹೇಗೋ! ಬುಕ್ಕರಾಯ ಒಬ್ಬರ ಕೈಯನ್ನು ಇನ್ನೊಬ್ಬರ ಕೈಯಲ್ಲಿಟ್ಟ. 1950ರ ಸಂವಿಧಾನ ಯಾರ ಕೈಯನ್ನೂ ಯಾರ ಕೈಯಲ್ಲೂ ಇಡಲಿಲ್ಲ, ಎಲ್ಲರನ್ನೂ ಕಾನೂನಿನ ಮುಂದೆ ಒಂದೇ ಸಾಲಿನಲ್ಲಿ ನಿಲ್ಲಿಸಿತು. ಔದಾರ್ಯಕ್ಕೂ ಹಕ್ಕಿಗೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಸರಳವಾಗಿ ತೋರಿಸುವ ಪಾಠ ನಮಗೆ ಕಂಡಿಲ್ಲ.

ಸುಲ್ತಾನ್‌ಪೇಟೆಯ ಶಾಲೆಯಲ್ಲಿ ಏನಾಯಿತು?

ಎರಡನೇ ಪಾಠ ಬೆಂಗಳೂರಿನ ಪೇಟೆಯಲ್ಲೇ ಇದೆ. ಈಗ ಮದುವೆ ಕಾರ್ಡಿಗಾಗಿ ಜನ ಅಲೆಯುವ ಸುಲ್ತಾನ್‌ಪೇಟೆಯಲ್ಲಿ 1928ರಲ್ಲಿ ಒಂದು ಸರ್ಕಾರಿ ಶಾಲೆ ಇತ್ತು. ಶಾಲೆಯ ಆವರಣದಲ್ಲಿ ಒಂದು ಗಣಪತಿ ವಿಗ್ರಹ. ಅದು ಅಲ್ಲಿರಬೇಕೇ, ಹೇಗಿರಬೇಕು, ಮಂಟಪ ಬೇಕೇ ಎಂಬುದು ತಗಾದೆಯಾಯಿತು. ವಿಗ್ರಹವನ್ನು ತೆಗೆಸಿದ್ದು ವಿದ್ಯಾರ್ಥಿಗಳನ್ನು ಬೀದಿಗೆ ತಂದಿತು. ಮುಖಂಡರ ಬಂಧನವಾಯಿತು. ಜುಲೈ ಕೊನೆಯ ಹೊತ್ತಿಗೆ ಹಿಂದೂ ಮುಸ್ಲಿಂ ಘರ್ಷಣೆಯೇ ನಡೆಯಿತು. ಮೈಸೂರು ಸಂಸ್ಥಾನದ ಇತಿಹಾಸದಲ್ಲಿ ಇದಕ್ಕೆ ಬೆಂಗಳೂರು ಗಣಪತಿ ಗಲಭೆ ಎಂದು ಹೆಸರು.

ಆಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಜೊತೆ ಓದಿದವರು, 1926ರಿಂದ 1941ರವರೆಗೆ ದಿವಾನಗಿರಿ ಮಾಡಿದವರು, ಬೆಂಗಳೂರು ಮೈಸೂರುಗಳನ್ನು ಅಂದಗೊಳಿಸಿದವರು. ಆದರೆ ಆ ಜುಲೈನಲ್ಲಿ ಜನ ಅವರ ಕೆಲಸ ನೋಡಲಿಲ್ಲ, ಧರ್ಮ ನೋಡಿದರು. ದಿವಾನರು ಮುಸ್ಲಿಮರು, ಆದ್ದರಿಂದ ವಿಗ್ರಹ ಹೋಯಿತು ಎಂಬ ಮಾತು ಹಬ್ಬಿತು. ಕೊನೆಗೆ ಸರ್ಕಾರ ಮಾಜಿ ದಿವಾನ ಸರ್ ಎಂ. ವಿಶ್ವೇಶ್ವರಯ್ಯ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ನೇಮಿಸಿತು. ಆಡಳಿತ ಪ್ರಕರಣವನ್ನು ನಿಭಾಯಿಸಿದ ರೀತಿಯನ್ನು ಸಮಿತಿ ಟೀಕಿಸಿತು.

ಈ ಪ್ರಕರಣವನ್ನು ಯಾರು ಸರಿ, ಯಾರು ತಪ್ಪು ಎಂಬ ಲೆಕ್ಕದಲ್ಲಿ ಓದಿದರೆ ಇವತ್ತಿನ ಟಿ.ವಿ. ಚರ್ಚೆಯಾಗುತ್ತದೆ. ನಾವು ಬೇರೆ ಥರ ಓದುತ್ತೇವೆ. ಸರ್ಕಾರಿ ಶಾಲೆಯಲ್ಲಿ ಯಾವ ಧರ್ಮದ ಗುರುತು ಇರಬಹುದು, ಯಾವುದು ಇರಬಾರದು ಎಂಬ ನಿಯಮ ಮೊದಲೇ ಎಲ್ಲರಿಗೂ ಗೊತ್ತಿದ್ದರೆ ಏನಾಗುತ್ತಿತ್ತು? ವಿಗ್ರಹ ಇಟ್ಟವರಿಗೂ ತೆಗೆದವರಿಗೂ ಅದೇ ನಿಯಮವನ್ನು ತೋರಿಸಬಹುದಿತ್ತು. ಹಾಗೆ ಇರಲಿಲ್ಲವಾದ್ದರಿಂದ ಪ್ರತಿ ತೀರ್ಮಾನವೂ ಒಬ್ಬ ಅಧಿಕಾರಿಯ ತೀರ್ಮಾನವಾಯಿತು. ನಿಯಮ ಕಾಣದಿದ್ದಾಗ ಜನ ಅಧಿಕಾರಿಯ ಹೆಸರು ನೋಡುತ್ತಾರೆ, ಹಣೆ ನೋಡುತ್ತಾರೆ. ಜಾತ್ಯತೀತತೆ ಅಲ್ಪಸಂಖ್ಯಾತರಿಗೆ ಮಾತ್ರ ಬೇಕಾದದ್ದು ಎನ್ನುವವರಿಗೆ 1928 ಒಂದು ಉತ್ತರ. ಅದು ಕುರ್ಚಿಯಲ್ಲಿ ಕೂತವನಿಗೂ ಬೇಕು, ಕುರ್ಚಿಯ ಮುಂದೆ ಅರ್ಜಿ ಹಿಡಿದು ನಿಂತವನಿಗೂ ಬೇಕು.

ಒಬ್ಬ ಸ್ವಾಮೀಜಿ, ಒಬ್ಬ ಮುಖ್ಯಮಂತ್ರಿ

ಆ ನಿಯಮ ಬರಹಕ್ಕೆ ಬಂದದ್ದು ಸಂವಿಧಾನದ 25ರಿಂದ 28ರವರೆಗಿನ ವಿಧಿಗಳಲ್ಲಿ. 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಡುತ್ತದೆ. ಅದೇ ವಿಧಿ ಸಮಾಜ ಸುಧಾರಣೆಗೆ ಕಾನೂನು ಮಾಡುವ, ಹಿಂದೂ ದೇವಾಲಯಗಳನ್ನು ಎಲ್ಲ ವರ್ಗದ ಹಿಂದೂಗಳಿಗೂ ತೆರೆಯುವ ಅಧಿಕಾರವನ್ನು ಸರ್ಕಾರಕ್ಕೆ ಬಿಟ್ಟಿದೆ. ಅಂದರೆ ನಮ್ಮ ಸರ್ಕಾರ ಧರ್ಮದಿಂದ ಪೂರ್ತಿ ದೂರ ನಿಂತಿಲ್ಲ. ಅಸ್ಪೃಶ್ಯತೆಯಂಥದ್ದು ಧರ್ಮದ ಬಾಗಿಲಲ್ಲಿ ಕೂತಿದ್ದರೆ ಒಳಗೆ ಹೋಗಿ ಎಬ್ಬಿಸಬಲ್ಲದು. 27ನೇ ವಿಧಿಯಂತೆ ಯಾವುದೋ ಒಂದು ಧರ್ಮದ ಪೋಷಣೆಗೆಂದೇ ತೆರಿಗೆ ಕೊಡಿ ಎಂದು ಯಾರನ್ನೂ ಒತ್ತಾಯಿಸುವಂತಿಲ್ಲ. 28ನೇ ವಿಧಿ ನೇರವಾಗಿ ಶಾಲೆಗೇ ಬರುತ್ತದೆ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರಕೂಡದು. ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ ಧಾರ್ಮಿಕ ಬೋಧನೆಗಾಗಲಿ ಪೂಜೆ ಪ್ರಾರ್ಥನೆಗಾಗಲಿ ಯಾರನ್ನೂ ಒಪ್ಪಿಗೆಯಿಲ್ಲದೆ ಸೇರಿಸಿಕೊಳ್ಳುವಂತಿಲ್ಲ. ಮಗು ಚಿಕ್ಕದಾದರೆ ಪೋಷಕರ ಒಪ್ಪಿಗೆ ಬೇಕು.

ಗಮನಿಸಿ, ಆಗ ಪೀಠಿಕೆಯಲ್ಲಿ ಜಾತ್ಯತೀತ ಎಂಬ ಪದವೇ ಇರಲಿಲ್ಲ. 1948ರ ನವೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಕೆ.ಟಿ. ಷಾ ಅದನ್ನು ಮೊದಲ ವಿಧಿಗೆ ಸೇರಿಸಲು ತಿದ್ದುಪಡಿ ತಂದರು, ಒಪ್ಪಿಗೆ ಸಿಗಲಿಲ್ಲ. ಪದ ಬಂದದ್ದು 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿಯಲ್ಲಿ. "ಹಾಗಾದರೆ ಇದು ಆಮೇಲೆ ತುರುಕಿದ್ದು" ಎಂಬ ವಾದ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಸುತ್ತುತ್ತದೆ. ಅದಕ್ಕೆ ಉತ್ತರ ಸಿಗುವುದು ಇಬ್ಬರು ಕನ್ನಡಿಗರ ಹೆಸರಿನ ಮೊಕದ್ದಮೆಗಳಲ್ಲಿ.

ಮೊದಲನೆಯವರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ. ಕೇರಳದ ಭೂಸುಧಾರಣೆ ಕಾನೂನಿನಿಂದ ಮಠದ ಭೂಮಿಗೆ ಕುತ್ತು ಬಂದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳ ಪೀಠ 1973ರ ಏಪ್ರಿಲ್ 24ರಂದು ಕೊಟ್ಟ ತೀರ್ಪು, ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂದಿತು. ಆ ಮೂಲ ರಚನೆಯ ಅಂಶಗಳನ್ನು ಎಣಿಸುವಾಗ ಮುಖ್ಯ ನ್ಯಾಯಮೂರ್ತಿ ಸಿಕ್ರಿ ಅವರು ಸಂವಿಧಾನದ ಜಾತ್ಯತೀತ ಸ್ವರೂಪವನ್ನೂ ಸೇರಿಸಿದರು. ಪೀಠಿಕೆಗೆ ಪದ ಬರುವ ಮೂರು ವರ್ಷ ಮೊದಲೇ! ಒಬ್ಬ ಮಠಾಧಿಪತಿಯ ಹೆಸರಿನ ತೀರ್ಪಿನಲ್ಲಿ!

ಎರಡನೆಯವರು ಎಸ್.ಆರ್. ಬೊಮ್ಮಾಯಿ. 1989ರ ಏಪ್ರಿಲ್‌ನಲ್ಲಿ ಅವರ ಸರ್ಕಾರವನ್ನು ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ಹೇರಲಾಯಿತು. ವಿಧಾನಸಭೆಯಲ್ಲಿ ಬಹುಮತ ತೋರಿಸಲು ಅವರಿಗೆ ಅವಕಾಶವನ್ನೇ ಕೊಡಲಿಲ್ಲ. ಆ ಮೊಕದ್ದಮೆಯ ಜೊತೆಗೆ, ಬಾಬ್ರಿ ಮಸೀದಿ ಧ್ವಂಸದ ನಂತರ ವಜಾಗೊಂಡ ಮೂರು ರಾಜ್ಯ ಸರ್ಕಾರಗಳ ವಿಷಯವೂ ಸೇರಿಕೊಂಡಿತು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಜಾತ್ಯತೀತತೆ ಸಂವಿಧಾನದ ಮೂಲ ರಚನೆಯ ಭಾಗ ಎಂದು ಸ್ಪಷ್ಟಪಡಿಸಿತು. ಪೀಠಿಕೆಯಿಂದ ಆ ಪದ ತೆಗೆಯಬೇಕೆಂದು ಸಲ್ಲಿಸಿದ್ದ ಅರ್ಜಿಗಳನ್ನು 2024ರ ನವೆಂಬರ್ 25ರಂದು ಸುಪ್ರೀಂ ಕೋರ್ಟ್ ವಜಾ ಮಾಡಿತು.

ಇನ್ನು ಪದದ ವಿಷಯ. ಇಂಗ್ಲಿಷಿನ ಸೆಕ್ಯುಲರ್‌ಗೆ ನಮ್ಮ ಪತ್ರಿಕೆಗಳು ಜಾತ್ಯತೀತ ಎನ್ನುತ್ತವೆ. ಕೆಲವರು ಧರ್ಮನಿರಪೇಕ್ಷ ಎನ್ನುತ್ತಾರೆ. ಮಕ್ಕಳ ಪಠ್ಯಪುಸ್ತಕದ ಪೀಠಿಕೆಯಲ್ಲಿರುವುದು ಸರ್ವಧರ್ಮ ಸಮಭಾವ. ಹಿಂದಿಯ ಅಧಿಕೃತ ಪಾಠದಲ್ಲಿ ಪಂಥನಿರಪೇಕ್ಷ. ಒಂದೊಂದು ಪದವೂ ಆನೆಯ ಒಂದೊಂದು ಅಂಗ ಮುಟ್ಟಿದಂತೆ. ನಮಗೆ ಜಾತ್ಯತೀತ ಎಂಬುದೇ ಹೆಚ್ಚು ಇಷ್ಟ. ಇಲ್ಲಿ ಜಾತಿಯನ್ನು ಬಿಟ್ಟು ಧರ್ಮದ ಮಾತಾಡಿದರೆ ಅರ್ಧ ಮಾತಾಡಿದಂತೆ. ಬಿಸಿಯೂಟದ ಅಡುಗೆ ಮಾಡಿದವರ ಜಾತಿ ಕೇಳಿ ತಟ್ಟೆ ಬದಿಗೆ ಸರಿಸುವ ಸುದ್ದಿಯನ್ನು ನಾವೇ ಎಷ್ಟು ಬಾರಿ ಓದಿಲ್ಲ?

ಮೂರು ಪ್ರಶ್ನೆಗಳು

ಇಷ್ಟನ್ನೆಲ್ಲ ಒಂಬತ್ತನೇ ತರಗತಿಗೆ ಹೇಗೆ ಹೇಳುವುದು? ಆ ಮೇಷ್ಟ್ರ ಜೊತೆ ಮೂರು ಭಾನುವಾರ ಕೂತು ಮಾತಾಡಿದೆವು. ವಿಧಿಗಳ ಸಂಖ್ಯೆ ಪರೀಕ್ಷೆ ಮುಗಿದ ಮೇಲೆ ಮರೆತುಹೋಗುತ್ತದೆ. ಪ್ರಶ್ನೆ ಕೇಳುವ ಅಭ್ಯಾಸ ಉಳಿಯುತ್ತದೆ. ಹಾಗಾಗಿ ಎಲ್ಲವನ್ನೂ ಮೂರು ಪ್ರಶ್ನೆಗೆ ಇಳಿಸಿದೆವು.

ಒಂದು: ದುಡ್ಡು ಮತ್ತು ಜಾಗ ಯಾರದ್ದು? ಪೀಣ್ಯದ ಲೇತ್ ಶೆಡ್‌ನಲ್ಲಿ ಆಯುಧಪೂಜೆಯ ದಿನ ಯಂತ್ರಕ್ಕೆ ಕುಂಕುಮ ಹಚ್ಚಿ ಬೂದುಗುಂಬಳ ಒಡೆದರೆ ಅದು ಮಾಲೀಕನ ಶೆಡ್, ಅವನ ನಂಬಿಕೆ. ಸರ್ಕಾರಿ ಶಾಲೆ, ಪಾರ್ಕ್, ಕೆರೆ ಎಲ್ಲರದ್ದು. ಬೇಗೂರು ಕೆರೆಯ ನಡುಗಡ್ಡೆಯ ಶಿವನ ಮೂರ್ತಿಯ ವಿಷಯ ಹೈಕೋರ್ಟಿನವರೆಗೆ ಹೋದದ್ದು ಎಲೆಕ್ಟ್ರಾನಿಕ್ ಸಿಟಿ ಕಡೆಯ ಮಕ್ಕಳಿಗೆ ಗೊತ್ತಿರುತ್ತದೆ. ಅದನ್ನೇ ಚರ್ಚೆಗೆ ತೆಗೆದುಕೊಳ್ಳಬಹುದು.

ಎರಡು: ಬೇಡ ಎನ್ನಲು ಬರುತ್ತದೆಯೇ? ಕೇರಳದಲ್ಲಿ ಯೆಹೋವನ ಸಾಕ್ಷಿಗಳು ಎಂಬ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಅವರನ್ನು 1985ರಲ್ಲಿ ಶಾಲೆಯಿಂದ ಹೊರಹಾಕಲಾಯಿತು. 1986ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದು ತಪ್ಪು ಎಂದಿತು. ಮೂರೇ ಮೂರು ಮಕ್ಕಳು! ಇಡೀ ಶಾಲೆ ಹಾಡುವಾಗ ಸುಮ್ಮನೆ ನಿಂತ ಮೂವರಿಗಾಗಿ ದೇಶದ ದೊಡ್ಡ ನ್ಯಾಯಾಲಯ ಕೂತು ಯೋಚಿಸಿತು. ಬಹುಸಂಖ್ಯೆ ಎಲ್ಲಿಗೆ ನಿಲ್ಲಬೇಕು ಎಂಬುದನ್ನು ತಿಳಿಸಲು ಇದಕ್ಕಿಂತ ಒಳ್ಳೆಯ ಕಥೆ ಬೇಕಿಲ್ಲ.

ಮೂರು: ಬೇರೆಯವರು ಇದನ್ನೇ ಮಾಡಿದರೆ ನಾವು ಒಪ್ಪುತ್ತೇವೆಯೇ? ಶುಕ್ರವಾರ ಒಂದು ಪೂಜೆ ಸರಿಯಾದರೆ ಅದೇ ಶುಕ್ರವಾರ ಅದೇ ಕೋಣೆಯಲ್ಲಿ ನಮಾಜ್ ಸರಿಯೇ? ಭಾನುವಾರದ ಪ್ರಾರ್ಥನೆ ಸರಿಯೇ? ಒಂದಕ್ಕೆ ಹೂಂ, ಇನ್ನೊಂದಕ್ಕೆ ಊಹೂಂ ಎಂದರೆ ನಮ್ಮ ತಕ್ಕಡಿಯಲ್ಲೇ ಲೋಪವಿದೆ. ಈ ಪ್ರಶ್ನೆ ಎಲ್ಲ ಕಡೆಗೂ ಸಮನಾಗಿ ತಿರುಗಬೇಕು. ಅಲ್ಪಸಂಖ್ಯಾತರೊಳಗೆ ಇರುವ ಒತ್ತಾಯಗಳಿಗೂ ಅದು ತಿರುಗಬೇಕು.

ಹಿಜಾಬ್ ವಿಷಯ ಬಂದಾಗ ಮೇಷ್ಟ್ರು ಹಿಂಜರಿದರು. ಮಕ್ಕಳು ಕೇಳೇ ಕೇಳುತ್ತಾರೆ. 2022ರ ಫೆಬ್ರವರಿ 5ರ ಸರ್ಕಾರಿ ಆದೇಶವನ್ನು ಕರ್ನಾಟಕ ಹೈಕೋರ್ಟ್ ಮಾರ್ಚ್ 15ರಂದು ಎತ್ತಿ ಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಅದನ್ನು ಒಪ್ಪಿದರು, ಒಬ್ಬರು ಒಪ್ಪಲಿಲ್ಲ. ನಾವು ಮೇಷ್ಟ್ರಿಗೆ ಹೇಳಿದ್ದು ಇಷ್ಟೇ: ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೇ ಒಂದೇ ಪುಸ್ತಕ ಓದಿ ಎರಡು ದಾರಿ ಹಿಡಿದರೆ, ಒಂಬತ್ತನೇ ತರಗತಿಯ ಇಬ್ಬರು ಮಕ್ಕಳೂ ಹಿಡಿಯಬಹುದು. ಕಾರಣ ಕೊಟ್ಟು ವಾದಿಸಲಿ. ಸಿಟ್ಟು ಬಂದರೆ ಬರಲಿ, ಮರುದಿನ ಅದೇ ಬೆಂಚಿನಲ್ಲಿ ಕೂರಬೇಕು, ಅದೊಂದೇ ಷರತ್ತು.

ಧರ್ಮದ ಬಗ್ಗೆ ತರಗತಿಯಲ್ಲಿ ಮಾತೇ ಆಡಬಾರದು ಎಂಬುದು ತಪ್ಪು ತಿಳಿವಳಿಕೆ. ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ತಿಳಿಸುವುದು ಬೇರೆ. ಅರುಣಾ ರಾಯ್ ಪ್ರಕರಣದಲ್ಲಿ 2002ರಲ್ಲಿ ಸುಪ್ರೀಂ ಕೋರ್ಟ್ ಈ ವ್ಯತ್ಯಾಸವನ್ನು ಹೇಳಿತು. ಬಸವಣ್ಣ, ಬುದ್ಧ, ಪೈಗಂಬರ್, ಯೇಸುವಿನ ಬಗ್ಗೆ ಮಕ್ಕಳು ಓದಲೇಬೇಕು. ಓದಿ ಕೈಮುಗಿಯಬೇಕೋ ಬೇಡವೋ ಎಂಬುದನ್ನು ಮನೆಗೆ, ಮಗುವಿನ ಮನಸ್ಸಿಗೆ ಬಿಡಬೇಕು.

ಮತ್ತೆ ಆ ಶಾಲೆಗೆ

ಫೆಬ್ರವರಿಯಲ್ಲಿ ಮತ್ತೆ ಹೋದೆವು. ಈ ಬಾರಿ ವೇದಿಕೆ ಇಲ್ಲ, ಮೈಕ್ ಇಲ್ಲ, ಮೇಷ್ಟ್ರ ಒಂದು ಪೀರಿಯಡ್. ಹೋಗುವ ಮುಂಚೆ ಮೇಷ್ಟ್ರು ಮೆಲ್ಲಗೆ ಹೇಳಿದ್ದರು: "ನಾಳೆ ಯಾರಾದರೂ ಪೋಷಕರು ವಿಡಿಯೊ ಮಾಡಿ ಹಾಕಿದರೆ ನಾನು ಏನು ಮಾಡಲಿ ಸಾರ್? ನೀವು ಬರೆದು ಹೋಗ್ತೀರಿ, ಇಲ್ಲಿ ಇರೋನು ನಾನು." ಈ ಭಯಕ್ಕೆ ನಮ್ಮ ಬಳಿ ಉತ್ತರ ಇರಲಿಲ್ಲ. ಜಾತ್ಯತೀತತೆ ಕಲಿಸಬೇಕು ಎಂದು ಸುತ್ತೋಲೆ ಕಳಿಸುವವರು ಈ ಮಾತನ್ನು ಮೊದಲು ಕೇಳಿಸಿಕೊಳ್ಳಬೇಕು. ಮೇಷ್ಟ್ರ ಬೆನ್ನಿಗೆ ಇಲಾಖೆ ನಿಲ್ಲದಿದ್ದರೆ ಪೀಠಿಕೆ ಬರೀ ಬಾಯಿಪಾಠವಾಗಿಯೇ ಉಳಿಯುತ್ತದೆ.

ಹುಡುಗಿ ಎರಡನೇ ಬೆಂಚಿನಲ್ಲಿದ್ದಳು. ನವೆಂಬರ್‌ನಲ್ಲಿ ಹೇಳಬೇಕಿದ್ದನ್ನು ಹೇಳಿದೆವು. "ಪೂಜೆ ತಪ್ಪಲ್ಲ. ನಿಮ್ಮ ಮನೆಯಲ್ಲಿ, ಗುಡಿಯಲ್ಲಿ, ಚರ್ಚಿನಲ್ಲಿ, ಮಸೀದಿಯಲ್ಲಿ ಅದು ನಿಮ್ಮ ಹಕ್ಕು. ಸರ್ಕಾರಿ ಶಾಲೆ ತಾನೇ ನಿಂತು ಒಂದು ಧರ್ಮದ ಪೂಜೆ ನಡೆಸುವುದು, ಎಲ್ಲ ಮಕ್ಕಳೂ ಬರಬೇಕು ಎನ್ನುವುದು ಸಂವಿಧಾನದ ಆಶಯಕ್ಕೆ ಒಪ್ಪುವುದಿಲ್ಲ. ಇದನ್ನು ಹೇಳಿದರೆ ಯಾರ ದೇವರಿಗೂ ಅವಮಾನವಲ್ಲ."

ಅವಳು ಸ್ವಲ್ಪ ಹೊತ್ತು ಯೋಚಿಸಿ, "ಪ್ರಸಾದ ಮಾತ್ರ ತಿನ್ನಬಹುದಾ ಸಾರ್?" ಎಂದಳು. ಇಡೀ ತರಗತಿ ನಕ್ಕಿತು. ತಿನ್ನಬಹುದು ಎಂದೆವು. ತಿನ್ನದೆಯೂ ಇರಬಹುದು, ಎರಡೂ ನಿನ್ನಿಷ್ಟ ಎಂದೆವು.

ಈ ಬರಹ ಓದುತ್ತಿರುವ ನೀವು ಅಷ್ಟು ಹೊತ್ತಿಂದ ಆ ಹುಡುಗಿಯ ಧರ್ಮ ಯಾವುದಿರಬಹುದು ಎಂದು ಊಹಿಸುತ್ತಿರಬಹುದು. ನಮ್ಮ ಮೊದಲ ಕರಡನ್ನು ಓದಿದ ಗೆಳೆಯರೂ ಅದನ್ನೇ ಕೇಳಿದರು. ಸುದ್ದಿಯಲ್ಲಿ ಅದು ಬೇಕಲ್ಲವೇ ಎಂದರು. ನಾವು ಬರೆಯುವುದಿಲ್ಲ. ಅವಳು ಯಾರ ಮಗಳು ಎಂದು ತಿಳಿಯದೆಯೂ ಅವಳ ಪ್ರಶ್ನೆಗೆ ಒಂದೇ ಉತ್ತರ ಕೊಡಲು ನಮಗೆ ಸಾಧ್ಯವಾಗಬೇಕು. 1928ರ ಸುಲ್ತಾನ್‌ಪೇಟೆಯಲ್ಲಿ ಅದು ಸಾಧ್ಯವಾಗಲಿಲ್ಲ. ನವೆಂಬರ್‌ನಲ್ಲಿ ನಮಗೂ ಸಾಧ್ಯವಾಗಿರಲಿಲ್ಲ.